ಟೀಕೆಗೆ ತರ್ಜುಮೆಯ ಉತ್ತರ

1948ಕ್ಕೆ ಮೊದಲು ರಾಯಚೂರು, ದೇವದುರ್ಗ, ಮಾನವಿಗಳು ನಿಜಾಮರ ರಾಜ್ಯಕ್ಕೆ ಸೇರಿದ್ದುವು. ಈ ಜಿಲ್ಲೆಯ ಕಂದಾಯವೂ ಹೋಗಿ ಬೀಳುತ್ತಿದ್ದ ಹೈದರಾಬಾದಿನ ಬೊಕ್ಕಸದಿಂದಲೇ ಕುರಾನಿನ ಇಂಗ್ಲಿಷ್ ತರ್ಜುಮೆಯೊಂದಕ್ಕೆ ಆಸರೆ ದೊರೆಯಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಇದರ ಹಿನ್ನೆಲೆಯಲ್ಲೊಂದು ವಾಗ್ವಾದವುಂಟು. ಉತ್ತರ ಭಾರತದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಮ್ಯೂರ್ ಸಾಹೇಬರು 1858ರಿಂದ 1861ರವರೆಗೆ ಪೈಗಂಬರರ ಜೀವನಚರಿತ್ರೆಯನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದರು. ಅದರ ಟೀಕೆಗಳಿಂದ ನೊಂದ ಸರ್ ಸೈಯದ್ ಅಹಮದ್ ಖಾನರು 1869ರಲ್ಲಿ ಲಂಡನ್ನಿಗೆ ಹೋಗಿ, ಅಲ್ಲಿಯ ಗ್ರಂಥಾಲಯಗಳನ್ನು ಶೋಧಿಸಿ, ಸಾಲ ಮಾಡಿ, ಮರುವರ್ಷ ಇಂಗ್ಲಿಷಿನಲ್ಲೇ ಉತ್ತರವನ್ನು ಅಚ್ಚುಹಾಕಿಸಿದರು. ಬಯ್ದವರನ್ನು ತಿರುಗಿ ಬಯ್ಯುವುದಕ್ಕೆ ಹಡಗು ಹತ್ತಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ಆಧಾರ.

ಅತ್ತ 1861ರಲ್ಲಿ ರಾಡ್‌ವೆಲ್ ಎಂಬ ಪಾದ್ರಿಗಳು ಕುರಾನಿನ ಅಧ್ಯಾಯಗಳನ್ನು ಕಾಲಾನುಕ್ರಮದಲ್ಲಿ ಬೇರೆಯಾಗಿ ಜೋಡಿಸಿ ತರ್ಜುಮೆ ಮಾಡಿದ್ದರು. ಯಾವ ಸೂರಾ ಮಕ್ಕಾದ್ದು, ಯಾವುದು ಮದೀನಾದ್ದು ಎಂಬ ವಿಚಾರ ಮುಸ್ಲಿಂ ಪಂಡಿತರಿಗೆ ಹೊಸದಲ್ಲ. ಆದರೆ ಚರಿತ್ರಕಾರನ ಅನುಕ್ರಮವೇ ಬೇರೆ, ಭಕ್ತನು ಓದುವ ಅನುಕ್ರಮವೇ ಬೇರೆ.

ಇಂಥ ಸನ್ನಿವೇಶದಲ್ಲಿ ಬಂದವರು ಮಾರ್ಮಡ್ಯೂಕ್ ಪಿಕ್ತಾಲ್. ಆಂಗ್ಲ ಪಾದ್ರಿಯ ಮಗ, ಕಾದಂಬರಿಕಾರ. 1917ರಲ್ಲಿ ಇಸ್ಲಾಂ ಸ್ವೀಕರಿಸಿದ್ದರು. 1925ರಲ್ಲಿ ಹೈದರಾಬಾದಿನ ಚಾದರ್‌ಘಾಟ್ ಹೈಸ್ಕೂಲಿನ ಮುಖ್ಯಸ್ಥರಾದರು. 1927ರಲ್ಲಿ ಆರಂಭವಾದ 'ಇಸ್ಲಾಮಿಕ್ ಕಲ್ಚರ್' ತ್ರೈಮಾಸಿಕದ ಸಂಪಾದಕತ್ವವೂ ಅವರದೇ. ತರ್ಜುಮೆಗಾಗಿ ನಿಜಾಮ್ ಸರ್ಕಾರ ಅವರಿಗೆ ಪೂರ್ಣ ಸಂಬಳದ ಎರಡು ವರ್ಷದ ರಜೆಯನ್ನಿತ್ತಿತು. ಮೇಷ್ಟರುಗಳಿಗೆ ಅಂಥ ರಜೆ ಇಂದಿಗೂ ಕನಸೇ!

ಹಸ್ತಪ್ರತಿಯೊಡನೆ ಪಿಕ್ತಾಲರು 1929ರಲ್ಲಿ ಈಜಿಪ್ಟಿಗೆ ಹೋದರು. ಅಲ್ಲಿ ಎದುರಾದ ಪ್ರಶ್ನೆ ಪಾಶ್ಚಾತ್ಯರದ್ದಲ್ಲ; ದೈವವಾಣಿಯನ್ನು ತರ್ಜುಮೆ ಮಾಡುವುದೇ ಸರಿಯೇ ಎಂದು ಅಲ್-ಅಜ್‌ಹರಿನ ಕೆಲವು ಉಲೇಮಾಗಳೇ ಕೇಳಿದರು. ಆ ಸಂದೇಹದಲ್ಲಿ ಹುರುಳಿಲ್ಲದಿಲ್ಲವೆಂದು ಪಿಕ್ತಾಲರಿಗೂ ಗೊತ್ತಿತ್ತು. 1930ರಲ್ಲಿ ಪುಸ್ತಕ ಹೊರಬಂದಾಗ ಅದಕ್ಕೆ 'ಕುರಾನ್' ಎಂದು ಹೆಸರಿಡದೆ, ಕುರಾನಿನ 'ಅರ್ಥ' ಎಂದಷ್ಟೇ ಕರೆದರು. ಸೂರಾಗಳು ಸಾಂಪ್ರದಾಯಿಕ ಕ್ರಮದಲ್ಲೇ ನಿಂತುವು. ಪ್ರತಿಯೊಂದಕ್ಕೂ ಕಾಲಸಂದರ್ಭವನ್ನು ತಿಳಿಸುವ ಪೀಠಿಕೆ ಬಂದಿತು. ವಾದಕ್ಕಿಳಿಯದೆ ಕೊಟ್ಟ ಈ ಉತ್ತರವೇ ನನಗೆ ಹೆಚ್ಚು ಗಟ್ಟಿಯೆನಿಸುತ್ತದೆ.

ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದ ಮುಹಮ್ಮದ್ ಹಮೀದುಲ್ಲಾ ಇದೇ ಜಾಡಿನಲ್ಲಿ ಮುಂದೆ ಸಾಗಿದರು. ಹದೀಸುಗಳನ್ನು ಬಹುಕಾಲ ಬರೆದಿಡಲೇ ಇಲ್ಲವೆಂಬ ಯೂರೋಪಿನ ಪಂಡಿತರ ಆಕ್ಷೇಪಕ್ಕೆ, ಬರ್ಲಿನ್ ಮತ್ತು ದಮಾಸ್ಕಸ್ಸಿನ ಹಸ್ತಪ್ರತಿಗಳಿಂದ ಹಮ್ಮಾಮ್ ಇಬ್ನ್ ಮುನಬ್ಬಿಹ್‌ನ ಪುರಾತನ ಹದೀಸ್ ಸಂಗ್ರಹವನ್ನೇ ಸಂಪಾದಿಸಿ ಮುಂದಿಟ್ಟರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದಾಗ ಅವರು ಹಿಂದಿರುಗದೆ ಪ್ಯಾರಿಸ್ಸಿನಲ್ಲೇ ಉಳಿದರು. ಅವರ ಫ್ರೆಂಚ್ ಕುರಾನ್ 1959ರಲ್ಲಿ ಅಚ್ಚಾಯಿತು. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ಆಗ ಮೂರು ವರ್ಷವಾಗಿದ್ದಿತು.