ವಜ್ರಮುಷ್ಟಿ ಕಾಳಗ

ವಿಜಯದಶಮಿಯ ಬೆಳಗ್ಗೆ ಮೈಸೂರು ಅರಮನೆಯಲ್ಲಿ ಜಟ್ಟಿ ಸಮುದಾಯದವರು ನಡೆಸುವ ಸಾಂಪ್ರದಾಯಿಕ ಮುಷ್ಟಿಕಾಳಗ. 16ನೆಯ ಶತಮಾನದಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸರು ಹಲ್ಲು ಮುರಿಯುವಂಥ ಗುದ್ದಾಟವನ್ನು ಬಣ್ಣಿಸಿದ್ದಾರೆ. ವಜ್ರಮುಷ್ಟಿ ಕಾಳಗದ ಬೇರು ಅಲ್ಲಿಯದೆಂದು ನಂಬುವುದು ಸಹಜ. ಜಟ್ಟಿಗಳ ಕುಲದೇವತೆ ನಿಂಬುಜಾದೇವಿ.

ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳಿಂದ ಆರಿಸಿದ ಜಟ್ಟಿಗಳು ಇಬ್ಬಿಬ್ಬರಾಗಿ ಸೆಣಸುತ್ತಾರೆ. ತಲೆ ನುಣ್ಣಗೆ ಬೋಳಿಸಿ, ಕಾಸೆ ಬಿಗಿದು, ಬಲಗೈ ಬೆರಳುಗಳಿಗೆ ಮೊನಚಾದ ಗುಬುಟುಗಳಿರುವ ವಜ್ರಮುಷ್ಟಿಯನ್ನು ತೊಟ್ಟು ಕೆಮ್ಮಣ್ಣಿನ ಅಂಕಣಕ್ಕೆ ಇಳಿಯುತ್ತಾರೆ. ಗುರಿ ಎದುರಾಳಿಯ ತಲೆ.

ವಜ್ರಮುಷ್ಟಿ ಕೆಲವೇ ಕ್ಷಣಗಳದ್ದು: ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ, ರಾಜವಂಶಸ್ಥರು ಬನ್ನಿಪೂಜೆಗೆ ಹೊರಡುತ್ತಾರೆ.