ತಂತ್ರಾಂಶದ ಗಂಟು ಕಟ್ಟುವ ಬಗೆ: ಮೇಕ್‌ನಿಂದ ಗ್ರೇಡಲ್‌ವರೆಗೆ

ಪ್ರಯೋಗಾಲಯದ ದಾಖಲೆ ಪುಸ್ತಕವನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಬೇಸರದಿಂದಲೇ ಬರೆಯುತ್ತಾರೆ. ಆದರೆ ಅದರ ಉದ್ದೇಶ ದೊಡ್ಡದು. ಒಬ್ಬರು ಪಡೆದ ಫಲಿತಾಂಶವನ್ನು ಇನ್ನೊಬ್ಬರು ಅದೇ ಕ್ರಮ ಅನುಸರಿಸಿ ಪಡೆಯುವಂತಿರಬೇಕು. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಲೋಲಕದ ಚಲನೆಯನ್ನು ತೋರಿಸುವ ಜಾವಾ ಪ್ರೋಗ್ರಾಮು ಬರೆದಿದ್ದ. ಮೌಖಿಕ ಪರೀಕ್ಷೆಯ ದಿನ ಅದು ಓಡಲೇ ಇಲ್ಲ. "ಮನೆ ಕಂಪ್ಯೂಟರಿನಲ್ಲಿ ಓಡುತ್ತೆ ಸಾರ್" ಎಂದ. ನಕ್ಷೆ ಬಿಡಿಸುವ ಲೈಬ್ರರಿಯೊಂದು ಅವನ ಮನೆಯಲ್ಲೇ ಉಳಿದಿತ್ತು. ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ, ಅದನ್ನು ಕಟ್ಟಿದ ಕ್ರಮದಲ್ಲಿ ತಪ್ಪಿತ್ತು.

ಜಾವಾದಲ್ಲಿ ಬರೆದ ಆಕರ ಕಡತಗಳನ್ನು ಕಂಪೈಲರ್ ‘ಕ್ಲಾಸ್’ ಕಡತಗಳನ್ನಾಗಿ ಪರಿವರ್ತಿಸುತ್ತದೆ. ಇವುಗಳ ಜೊತೆಗೆ ಚಿತ್ರಗಳು ಮತ್ತಿತರ ಸಾಮಗ್ರಿಗಳನ್ನು ಸೇರಿಸಿ ಕಟ್ಟಿದ ಗಂಟೇ ‘ಜಾರ್’ ಕಡತ. 1997ರಲ್ಲಿ ಜಾವಾ 1.1ರೊಂದಿಗೆ ಬಂದ ಇದು ವಾಸ್ತವವಾಗಿ ಒಂದು ಜಿಪ್ ಕಡತವೇ. ನಾಲ್ಕಾರು ಕಡತಗಳಿದ್ದರೆ ಕೈಯಿಂದಲೇ ಕಟ್ಟಬಹುದು. ನೂರಾರು ಇದ್ದಾಗ ಕಟ್ಟುವ ಕೆಲಸಕ್ಕೇ ಒಂದು ಸಾಧನ ಬೇಕಾಗುತ್ತದೆ.

ಒಂದು ಬೆಳಗಿನ ನಷ್ಟ

ಇಂಥ ಸಾಧನದ ಕಥೆ ಜಾವಾಗಿಂತ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೀವ್ ಜಾನ್ಸನ್ ಒಂದು ಇಡೀ ಬೆಳಗ್ಗೆ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದರು. ತಪ್ಪನ್ನು ಆಗಲೇ ತಿದ್ದಿದ್ದರು. ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೆ. ಈ ಪೇಚಾಟವನ್ನು ಕೇಳಿದ ಸಹೋದ್ಯೋಗಿ ಸ್ಟೂವರ್ಟ್ ಫೆಲ್ಡ್‌ಮನ್ 1976ರಲ್ಲಿ ‘ಮೇಕ್’ ರಚಿಸಿದರು. ಕಡತಗಳ ಸಮಯವನ್ನು ಹೋಲಿಸಿ, ಆಕರವು ಫಲಕ್ಕಿಂತ ಹೊಸದಾಗಿದ್ದರೆ ಮಾತ್ರ ಮತ್ತೆ ಕಟ್ಟುವುದು ಅದರ ಸರಳ ತತ್ವ. ಇದಕ್ಕಾಗಿ ಫೆಲ್ಡ್‌ಮನ್‌ರಿಗೆ 2003ರ ಎಸಿಎಂ ತಂತ್ರಾಂಶ ವ್ಯವಸ್ಥೆ ಪ್ರಶಸ್ತಿ ಸಂದಿತು.

ಮೇಕ್‌ನಲ್ಲಿ ಆದೇಶದ ಸಾಲುಗಳು ‘ಟ್ಯಾಬ್’ ಚಿಹ್ನೆಯಿಂದಲೇ ಆರಂಭವಾಗಬೇಕು. ಅದರ ಬದಲು ಖಾಲಿ ಜಾಗ ಬಿಟ್ಟರೆ ಕೆಲಸ ನಿಲ್ಲುತ್ತದೆ. ಇದು ತೊಡಕೆಂದು ತಿಳಿಯುವ ಹೊತ್ತಿಗೆ ಸುಮಾರು ಹನ್ನೆರಡು ಮಂದಿ ಬಳಕೆದಾರರಿದ್ದರು. ಅವರಿಗೆ ತೊಂದರೆ ಕೊಡಲು ಫೆಲ್ಡ್‌ಮನ್ ಬಯಸಲಿಲ್ಲ. ಹನ್ನೆರಡು ಮಂದಿಯ ಮೇಲಿನ ದಾಕ್ಷಿಣ್ಯವನ್ನು ಜಗತ್ತು ಇಂದಿಗೂ ಅನುಭವಿಸುತ್ತಿದೆ!

ಇರುವೆ ಮತ್ತು ಉಗ್ರಾಣ

ಜಾವಾ ಎಲ್ಲ ಬಗೆಯ ಗಣಕಗಳಲ್ಲೂ ಓಡುತ್ತದೆ. ಆದರೆ ಮೇಕ್ ಕಡತಗಳಲ್ಲಿದ್ದ ಯೂನಿಕ್ಸ್ ಆದೇಶಗಳು ವಿಂಡೋಸ್‌ನಲ್ಲಿ ನಡೆಯುತ್ತಿರಲಿಲ್ಲ. ಸನ್ ಮೈಕ್ರೋಸಿಸ್ಟಮ್ಸ್‌ನ ಜೇಮ್ಸ್ ಡಂಕನ್ ಡೇವಿಡ್‌ಸನ್ ಟಾಮ್‌ಕ್ಯಾಟ್ ತಂತ್ರಾಂಶವನ್ನು ಕಟ್ಟಲೆಂದು ಜಾವಾದಲ್ಲೇ ಬರೆದ ಸಾಧನ ‘ಆಂಟ್’. 2000ದಲ್ಲಿ ಅದು ಸ್ವತಂತ್ರವಾಗಿ ಬಿಡುಗಡೆಯಾಯಿತು. ಹೆಸರಿಗೆ ತಕ್ಕಂತೆ ಇರುವೆಯ ಹಾಗೆ ದುಡಿಯಿತು. ಆದರೆ ಪ್ರತಿ ಹೆಜ್ಜೆಯನ್ನೂ ನಾವೇ ಎಕ್ಸ್‌ಎಂಎಲ್‌ನಲ್ಲಿ ಬರೆಯಬೇಕಿತ್ತು. ಬೇಕಾದ ಲೈಬ್ರರಿಗಳನ್ನೂ ನಾವೇ ತಂದಿಡಬೇಕಿತ್ತು.

2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ‘ಮೇವನ್’ ಬೇರೆ ದಾರಿ ಹಿಡಿಯಿತು. ಆಕರ ಕಡತಗಳನ್ನು ಗೊತ್ತುಪಡಿಸಿದ ಜಾಗದಲ್ಲಿಟ್ಟರೆ ಉಳಿದ ಹೆಜ್ಜೆಗಳು ಅದಕ್ಕೇ ತಿಳಿದಿರುತ್ತವೆ. ಲೈಬ್ರರಿಯ ಗುಂಪು, ಹೆಸರು, ಆವೃತ್ತಿ ಈ ಮೂರನ್ನು ಬರೆದರೆ ಅಂತರಜಾಲದ ಕೇಂದ್ರ ಉಗ್ರಾಣದಿಂದ ಅದನ್ನು ತರಿಸಿಕೊಳ್ಳುತ್ತದೆ. ಆ ಲೈಬ್ರರಿಗೆ ಬೇಕಾದ ಇತರ ಲೈಬ್ರರಿಗಳನ್ನೂ ತರುತ್ತದೆ.

2008ರ ಸುಮಾರಿಗೆ ಬಂದ ‘ಗ್ರೇಡಲ್’ ಇದೇ ಉಗ್ರಾಣಗಳನ್ನು ಬಳಸುತ್ತದೆ. ಆದರೆ ಸೂಚನೆಗಳನ್ನು ಎಕ್ಸ್‌ಎಂಎಲ್‌ಗೆ ಬದಲಾಗಿ ಗ್ರೂವಿ ಅಥವಾ ಕೋಟ್ಲಿನ್ ಭಾಷೆಯಲ್ಲಿ ಬರೆಯಬಹುದು. ಮೇಕ್ ಸಮಯ ನೋಡಿದರೆ ಇದು ಕಡತದ ತಿರುಳೇ ಬದಲಾಗಿದೆಯೇ ಎಂದು ನೋಡುತ್ತದೆ. 2013ರಲ್ಲಿ ಗೂಗಲ್ ಆಂಡ್ರಾಯ್ಡ್‌ಗಾಗಿ ಇದನ್ನು ಆರಿಸಿತು.

ಗಂಟಿನಲ್ಲೇನಿದೆ?

2021ರ ಡಿಸೆಂಬರ್‌ನಲ್ಲಿ ‘ಲಾಗ್‌ಫೋರ್‌ಜೆ’ ಎಂಬ ಜಾವಾ ಲೈಬ್ರರಿಯಲ್ಲಿ ಗಂಭೀರ ಲೋಪ ಬಯಲಾಯಿತು. ದೂರದಲ್ಲಿ ಕುಳಿತವನು ಸರ್ವರ್ ಗಣಕದಲ್ಲಿ ತನ್ನ ಪ್ರೋಗ್ರಾಮು ಓಡಿಸಬಹುದಾಗಿತ್ತು. ಆಗ ಅನೇಕ ಸಂಸ್ಥೆಗಳಿಗೆ ಎದುರಾದ ಮೊದಲ ಪ್ರಶ್ನೆ, ‘ನಮ್ಮ ಗಂಟಿನಲ್ಲಿ ಅದು ಇದೆಯೇ, ಇದ್ದರೆ ಯಾವ ಆವೃತ್ತಿ?’ ಮೇವನ್, ಗ್ರೇಡಲ್ ಎರಡೂ ಅವಲಂಬನೆಗಳ ಪೂರ್ಣ ಪಟ್ಟಿ ಕೊಡಬಲ್ಲವು. ಕೈಯಿಂದ ಕಡತ ತಂದಿಟ್ಟವರು ಒಂದೊಂದನ್ನೇ ಬಿಚ್ಚಿ ನೋಡಬೇಕಾಯಿತು.

ಹಾಗಾದರೆ ಆಯ್ಕೆ ಹೇಗೆ? ತರಗತಿಯ ಪುಟ್ಟ ಪ್ರೋಗ್ರಾಮಿಗೆ ಜಾವಾದ ಜೊತೆಗೇ ಬರುವ ‘ಜಾರ್’ ಆದೇಶ ಸಾಕು. ಲೈಬ್ರರಿಗಳನ್ನು ಬಳಸುವ ಸಾಮಾನ್ಯ ಯೋಜನೆಗೆ ಮೇವನ್ ಒಳ್ಳೆಯದು. ಅದರ ಕಟ್ಟುಪಾಡೇ ಕಲಿಯುವವರಿಗೆ ಊರುಗೋಲು. ಆಂಡ್ರಾಯ್ಡ್‌ಗೆ, ಅಥವಾ ರೂಢಿಗೆ ಹೊರತಾದ ಹೆಜ್ಜೆಗಳುಳ್ಳ ದೊಡ್ಡ ಯೋಜನೆಗೆ ಗ್ರೇಡಲ್ ಸೂಕ್ತ. ಯಾವುದನ್ನು ಆರಿಸಿದರೂ ಲೈಬ್ರರಿಗಳ ಆವೃತ್ತಿಯನ್ನು ನಿಖರವಾಗಿ ನಮೂದಿಸಬೇಕು. ‘ಇತ್ತೀಚಿನದು ಯಾವುದಾದರೂ ಸರಿ’ ಎಂದು ಬಿಟ್ಟರೆ ಇಂದಿನ ಗಂಟೇ ಬೇರೆ, ನಾಳೆಯ ಗಂಟೇ ಬೇರೆ.

ಅಧ್ಯಾಪಕರು ಒಂದು ಸುಲಭ ಪರೀಕ್ಷೆ ಮಾಡಿಸಬಹುದು. ಒಬ್ಬ ವಿದ್ಯಾರ್ಥಿಯ ಆಕರ ಕಡತಗಳನ್ನು ಇನ್ನೊಬ್ಬರ ಗಣಕಕ್ಕೆ ಹಾಕಿ, ಒಂದೇ ಆದೇಶದಿಂದ ಜಾರ್ ಕಟ್ಟಿಸಿ, ಓಡಿಸಿ ನೋಡಿ. ಓಡಿದರೆ ಅಂಕ ಕೊಡಿ. ಓಡದಿದ್ದರೆ ದಾಖಲೆ ಪುಸ್ತಕ ಇನ್ನೂ ಪೂರ್ತಿಯಾಗಿಲ್ಲವೆಂದೇ ಅರ್ಥ.