ಚಿಪ್ಪಿನ ಗಳಿಕೆ ಮತ್ತು ನಷ್ಟ: ಮೃದ್ವಂಗಿಗಳ ವಿಕಾಸದ ಒಂದು ಮರುಪರಿಶೀಲನೆ

ಪ್ರಾಣಿವಂಶಗಳ ಪೈಕಿ ಸಂಧಿಪದಿಗಳನ್ನು ಬಿಟ್ಟರೆ ಅತಿ ಹೆಚ್ಚು ಪ್ರಭೇದಗಳಿಗೆ ಹೆಸರು ದೊರೆತಿರುವುದು ಮೃದ್ವಂಗಿಗಳಲ್ಲಿ. ಬಸವನಹುಳು, ಶಂಖ, ಕವಡೆ, ಕಪ್ಪೆಚಿಪ್ಪು, ಬೊಂಡಾಸ್, ಆಕ್ಟೋಪಸ್ ಎಲ್ಲವೂ ಈ ಒಂದೇ ವಂಶದವು. ಈಗ ಬದುಕಿರುವ ಮೃದ್ವಂಗಿಗಳನ್ನು ಸಾಮಾನ್ಯವಾಗಿ ಎಂಟು ವರ್ಗಗಳಾಗಿ ವಿಂಗಡಿಸುತ್ತಾರೆ. ಇವುಗಳಲ್ಲಿ ಎರಡು ವರ್ಗಗಳಿಗೆ ಚಿಪ್ಪೇ ಇಲ್ಲ. ಹುಳುವಿನಂಥ ಮೈಮೇಲೆ ಸುಣ್ಣಾಂಶದ ಸೂಕ್ಷ್ಮ ಮುಳ್ಳುಗಳಷ್ಟೇ ಇವೆ. ಕಡಲಲ್ಲಿ ಬಾಳುವ ಈ ಜೀವಿಗಳು ಆದಿಮ ಸ್ವರೂಪವನ್ನು ಉಳಿಸಿಕೊಂಡವುಗಳೇ, ಇಲ್ಲವೇ ಇದ್ದ ಚಿಪ್ಪನ್ನು ಕಳೆದುಕೊಂಡವುಗಳೇ ಎಂಬುದು ಈ ಲೇಖನದ ಪ್ರಶ್ನೆ.

ಅವು ಆದಿಮವೆಂಬ ಅಭಿಪ್ರಾಯ ಬಹುಕಾಲ ಬಲವಾಗಿತ್ತು. ಸರಳ ದೇಹರಚನೆಯನ್ನು ಪ್ರಾಚೀನತೆಯ ಕುರುಹೆಂದು ಓದುವ ಅಭ್ಯಾಸವೇ ಅದರ ಆಧಾರ. ರಷ್ಯಾದ ಶ್ವೇತ ಸಮುದ್ರ ತೀರದಲ್ಲಿ ದೊರೆತ, ಸುಮಾರು 55.5 ಕೋಟಿ ವರ್ಷ ಹಿಂದಿನ ಕಿಂಬೆರೆಲ್ಲಾ ಪಳೆಯುಳಿಕೆಗಳೂ ಇದಕ್ಕೆ ಪೂರಕವಾಗಿ ಕಂಡವು. ಮೊದಲು ಲೋಳೆಮೀನೆಂದು ಎಣಿಸಿದ್ದ ಈ ಜೀವಿಯನ್ನು 1997ರಲ್ಲಿ ಫೆಡೊಂಕಿನ್ ಮತ್ತು ವ್ಯಾಗನರ್ ಮೃದ್ವಂಗಿಗೆ ಹತ್ತಿರದ್ದೆಂದು ವಾದಿಸಿದರು. ಅದಕ್ಕೆ ಖನಿಜಗಟ್ಟಿದ ಚಿಪ್ಪಿರಲಿಲ್ಲ. ಆದರೆ ವಂಶದ ಆರಂಭದಲ್ಲಿ ಚಿಪ್ಪಿರಲಿಲ್ಲ ಎಂದಮಾತ್ರಕ್ಕೆ ಇಂದಿನ ಚಿಪ್ಪಿಲ್ಲದ ಜೀವಿಗಳು ಅದೇ ಸ್ಥಿತಿಯಲ್ಲಿ ಮುಂದುವರಿದಿವೆ ಎಂದಾಗದು.

ನಿರ್ಣಾಯಕ ಸಾಕ್ಷ್ಯ ಸಿಕ್ಕಿದ್ದು ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ. ಸುಮಾರು 42.5 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹುದುಗಿದ ಕುಲಿಂಡ್ರೊಪ್ಲ್ಯಾಕ್ಸ್ ಎಂಬ ಜೀವಿಯನ್ನು ಸಟನ್ ಮತ್ತು ಸಂಗಡಿಗರು 2012ರಲ್ಲಿ ವರ್ಣಿಸಿದರು. ಪಳೆಯುಳಿಕೆಯನ್ನು ಪದರ ಪದರವಾಗಿ ಅರೆದು, ಪ್ರತಿ ಹಂತದ ಚಿತ್ರ ತೆಗೆದು, ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಅದರ ಆಕಾರವನ್ನು ಮರಳಿ ಪಡೆದರು. ಕಂಡದ್ದು ಹುಳುವಿನಂಥ ಉರುಟು ದೇಹ; ಅದರ ಬೆನ್ನ ಮೇಲೆ ಕೈಟನ್ ಎಂಬ ಫಲಕಧಾರಿ ಮೃದ್ವಂಗಿಗಿರುವಂಥ ಏಳು ಚಿಪ್ಪುಫಲಕಗಳು. ಹುಳುರೂಪದ ಮೃದ್ವಂಗಿಗಳ ಪೂರ್ವಜರು ಫಲಕಧಾರಿಗಳಾಗಿದ್ದವು ಎಂಬುದಕ್ಕೆ ಇದಕ್ಕಿಂತ ನೇರವಾದ ಆಧಾರ ಬೇಡ. ಇದಕ್ಕೆ ಒಂದು ವರ್ಷ ಮೊದಲು, 2011ರಲ್ಲಿ ಪ್ರಕಟವಾದ ಎರಡು ಪ್ರತ್ಯೇಕ ವಂಶವಾಹಿ ಅಧ್ಯಯನಗಳೂ ಕೈಟನ್‌ಗಳನ್ನು ಈ ಎರಡು ವರ್ಗಗಳೊಂದಿಗೆ ಒಂದೇ ಕವಲಿನಲ್ಲಿ ಇರಿಸಿದ್ದವು.

ಇಂಥದೇ ನಷ್ಟ ಇತರ ಕವಲುಗಳಲ್ಲೂ ಬೇರೆ ಬೇರೆಯಾಗಿ ನಡೆದಿದೆ. ಶಿರಪಾದಿಗಳಲ್ಲಿ ನಾಟಿಲಸ್ ಮಾತ್ರ ಹೊರಚಿಪ್ಪನ್ನು ಉಳಿಸಿಕೊಂಡಿದೆ. ಕರಾವಳಿಯ ಅಡುಗೆಮನೆಯಲ್ಲಿ ಬೊಂಡಾಸ್ ಶುಚಿಮಾಡುವಾಗ ಎಳೆದು ಬಿಸಾಡುವ ಪಾರದರ್ಶಕ ಪಟ್ಟಿ ಪೂರ್ವಜರ ಚಿಪ್ಪಿನ ಅವಶೇಷ. ಹೆಚ್ಚಿನ ಆಕ್ಟೋಪಸ್‌ಗಳಲ್ಲಿ ಅದೂ ನಾಮಮಾತ್ರ. ನೆಲದ ಮೇಲೆ, ಪಶ್ಚಿಮಘಟ್ಟಗಳಿಗಷ್ಟೇ ಸೀಮಿತವಾದ ಇಂಡ್ರೆಲ್ಲಾ ಆಂಪುಲ್ಲಾ ಎಂಬ ಬಸವನಹುಳುವಿನ ಚಿಪ್ಪು ಎಷ್ಟು ಕಿರಿದೆಂದರೆ ದೇಹವನ್ನು ಪೂರ್ತಿ ಒಳಗೆಳೆದುಕೊಳ್ಳಲು ಅದಕ್ಕೆ ಆಗದು. ಚಿಪ್ಪು ಕಟ್ಟಲು ಸುಣ್ಣಾಂಶ ಬೇಕು, ಹೊರಲು ಶಕ್ತಿ ಬೇಕು. ಬಿಟ್ಟರೆ ವೇಗವೂ ಬಳುಕೂ ಲಾಭ, ರಕ್ಷಣೆ ಮಾತ್ರ ನಷ್ಟ.

ಆರ್ಗೊನಾಟ್ ಎಂಬ ಆಕ್ಟೋಪಸ್‌ನ ಹೆಣ್ಣಿಗಿರುವ ತೆಳುಚಿಪ್ಪು ಇನ್ನೊಂದು ಎಚ್ಚರಿಕೆ. ಅದನ್ನು ಸ್ರವಿಸುವುದು ದೇಹದ ಹೊದಿಕೆಯಲ್ಲ, ತೋಳುಗಳು. ಮೊಟ್ಟೆಗಳನ್ನು ಕಾಯಲು ಹೊಸದಾಗಿ ಮೂಡಿದ ರಚನೆ ಅದು. ಆದ್ದರಿಂದ ಚಿಪ್ಪಿನ ಇರವು ಅಥವಾ ಇಲ್ಲದಿರುವಿಕೆ ತನ್ನಷ್ಟಕ್ಕೆ ವಂಶಸಂಬಂಧವನ್ನು ಹೇಳಲಾರದು. ಮೃದ್ವಂಗಿಗಳ ವರ್ಗೀಕರಣದಲ್ಲಿ ಚಿಪ್ಪಿನ ಸಾಕ್ಷ್ಯವನ್ನು ಪಳೆಯುಳಿಕೆ, ಭ್ರೂಣದ ಬೆಳವಣಿಗೆ ಮತ್ತು ವಂಶವಾಹಿಗಳ ಜೊತೆಗಿಟ್ಟೇ ತೂಗಬೇಕು.